‘ಯಾ ಬುನಯ್ಯ’ ಅನ್ನೋದಕ್ಕೆ ನಮ್ಮಲ್ಲಿ ಏನಂತಾರೆ?

ಭಾನುವಾರ ಬೆಳಗ್ಗೆ ಹತ್ತೂವರೆಗೆ ಹೊಲಿಗೆ ಮಷಿನ್ನಿಗೆ ಬಟ್ಟೆ ಮುಚ್ಚಿ ಗೋಡೆಗೆ ಸರಿಸುತ್ತೇನೆ. ಕತ್ತರಿ, ಸೂಜಿ ಡಬ್ಬಿ ಕಪಾಟಿನ ಮೇಲೆ. ಚಾಪೆ ನೆಲಕ್ಕೆ. ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿಗಳ ಸದ್ದು ಶುರು. ಇರುವುದು ಒಂದು ಕೋಣೆ, ಒಂದು ಅಡುಗೆಮನೆ. ಒಂಬತ್ತು ಮಕ್ಕಳು ಕೂತರೆ ನನಗೆ ಕಾಲು ಚಾಚಲು ಜಾಗ ಇಲ್ಲ. ಆದರೂ ವಾರದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಒಂದು ಗಂಟೆ ಅದೇ.

ಗೋವಾದ ವಾಸ್ಕೋದಲ್ಲಿ, ಝುವಾರಿನಗರದ ಕಡೆ ನಮ್ಮ ಓಣಿ. ಕನ್ನಡ ಕೇಳಿಸದ ಮನೆ ಇಲ್ಲಿ ಕಡಿಮೆ. ಗದಗ, ಹಾವೇರಿ, ಬಾಗಲಕೋಟೆ, ವಿಜಯಪುರದ ಜನ. ಗಂಡಸರು ಗೌಂಡಿ ಕೆಲಸ, ಡ್ರೈವಿಂಗು, ಹಮಾಲಿ. ಹೆಂಗಸರು ನಾಲ್ಕು ಮನೆಯ ಪಾತ್ರೆ-ಬಟ್ಟೆ. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್, ದೂಧಸಾಗರ ದಾಟಿ ಬರುವ ರೈಲು ವಾಸ್ಕೋಗೆ ಬಂದು ಮುಗಿಯುತ್ತದೆ. ‘ಮುಂದ ಸಮುದ್ರ ಐತಿ, ಅದಕ್ಕ ನಮ್ಮ ಮಂದಿ ಇಲ್ಲೇ ಇಳದ್ರು’ ಅಂತ ನಮ್ಮ ಮನೆಯವರು ತಮಾಷೆ ಮಾಡುತ್ತಾರೆ.

ನಾವು ಪಿಂಜಾರರು. ನದಾಫ್ ಅಂತಲೂ ಅನ್ನುತ್ತಾರೆ. ಊರು ಶಿಗ್ಗಾವಿ ಹತ್ತಿರದ ಒಂದು ಹಳ್ಳಿ. ನಮ್ಮಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದ. ಮುಸ್ಲಿಮರು ಅಂದ ಕೂಡಲೇ ಮನೆಮಾತು ಉರ್ದು ಇರಬೇಕು ಅಂದುಕೊಳ್ಳುವವರಿಗೆ ನಮ್ಮ ಮನೆ ಅಚ್ಚರಿ. ನಮ್ಮದು ಕನ್ನಡ. ಅಜ್ಜಿ ದೇವರಲ್ಲಿ ದುವಾ ಬೇಡುತ್ತಿದ್ದುದೂ ಕನ್ನಡದಲ್ಲೇ. ಈ ಓಣಿಯ ಮಕ್ಕಳ ಪೇಚಾಟ ಅಲ್ಲಿಂದ ಶುರುವಾಗುತ್ತದೆ. ಶಾಲೆಯಲ್ಲಿ ಇಂಗ್ಲಿಷು, ಕೊಂಕಣಿ. ರಸ್ತೆಯಲ್ಲಿ ಹಿಂದಿ. ಮಸೀದಿಯ ಪಾಠಶಾಲೆ ಮಕ್ತಬ್‌ನಲ್ಲಿ ಓದುವುದು ಅರಬಿ, ಅಲ್ಲಿನ ಗುರು ಹಜರತ್‌ರು ಬಿಡಿಸಿ ಹೇಳುವುದು ಉರ್ದುವಿನಲ್ಲಿ. ಅವರು ಬಂದಿರುವುದು ಉತ್ತರದ ಕಡೆಯಿಂದ, ಅವರ ತಪ್ಪೇನಿಲ್ಲ. ಮಕ್ಕಳಿಗೆ ಅರ್ಧ ತಿಳಿಯುತ್ತದೆ, ಉಳಿದರ್ಧವನ್ನು ತಾವೇ ಕಟ್ಟಿಕೊಳ್ಳುತ್ತಾರೆ.

ನನ್ನ ಮಗಳು ಏಳು ವರ್ಷದವಳಿದ್ದಾಗ ಒಂದು ಸಂಜೆ ಬಂದು ಕೇಳಿದಳು: ‘ಅವ್ವಾ, ಯೂಸುಫ್ ನಬಿ ಬಾವ್ಯಾಗ ಹೆಂಗ ಬಿದ್ರು?’ ಬಿದ್ದದ್ದಲ್ಲ, ಅಣ್ಣಂದಿರು ಹಾಕಿದ್ದು ಅಂದೆ. ಅವಳು ನನ್ನನ್ನೇ ನೋಡಿದಳು. ‘ಸ್ವಂತ ಅಣ್ಣಂದಿರಾ?’ ಒಬ್ಬನೇ ಅಪ್ಪನ ಮಕ್ಕಳು ಅಂದೆ. ಆ ರಾತ್ರಿ ಪೂರ್ತಿ ಕಥೆ ಹೇಳಬೇಕಾಯಿತು. ಮರುದಿನ ಪಕ್ಕದ ಮನೆಯ ಎರಡು ಮಕ್ಕಳು ಬಂದವು. ಆಮೇಲೆ ಅದು ಭಾನುವಾರದ ರೂಢಿಯೇ ಆಯಿತು.

(ನಬಿ ಅಂದರೆ ಪ್ರವಾದಿ. ನಬಿಗಳ ಹೆಸರು ಬಂದಾಗಲೆಲ್ಲ ನಮ್ಮ ಮಕ್ಕಳು ‘ಅಲೈಹಿಸ್ಸಲಾಂ’, ಅವರ ಮೇಲೆ ಶಾಂತಿ ಇರಲಿ, ಅಂತ ಒಟ್ಟಿಗೆ ಕೂಗುತ್ತಾರೆ. ಮುಹಮ್ಮದರ ಹೆಸರಿನ ಜೊತೆಗಿನ ‘ಸ’ವೂ ಅಂಥದೇ ಹಾರೈಕೆ. ಇಲ್ಲಿ ಪ್ರತಿ ಸಲ ಬರೆದಿಲ್ಲ, ಓದುವವರು ಸೇರಿಸಿಕೊಳ್ಳಿ.)

ಮನೆಯವರನ್ನು ಪ್ರೀತಿಸುವುದನ್ನು ಕಲಿಸೋಕೆ ನಬಿಗಳ ಕಥೆ ಹೇಳಿ ಅಂತ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಮಂಗಳೂರಿನಿಂದ ತರಿಸಿಕೊಂಡ ಕುರ್‌ಆನಿನ ಕನ್ನಡ ಅನುವಾದ ಇಟ್ಟುಕೊಂಡು ನಿಧಾನವಾಗಿ ಓದಿದಾಗ ದಿಗಿಲಾಯಿತು. ಇವು ಸುಖವಾಗಿದ್ದ ಮನೆಗಳ ಕಥೆಗಳೇ ಅಲ್ಲ. ಆದಮರ ಒಬ್ಬ ಮಗ ಇನ್ನೊಬ್ಬನನ್ನು ಕೊಂದ. ಪ್ರಳಯ ಬಂದಾಗ ನೂಹರ ಮಗ ಹಡಗು ಹತ್ತಲಿಲ್ಲ. ಇಬ್ರಾಹೀಮರಿಗೆ ತಂದೆಯೇ ‘ಕಲ್ಲು ಹೊಡೆದು ಸಾಯಿಸುತ್ತೇನೆ, ನನ್ನ ಕಣ್ಣ ಮುಂದೆ ಇರಬೇಡ’ ಅಂದ. ಯಾಕೂಬರ ಮಕ್ಕಳು ತಮ್ಮ ಯೂಸುಫನ ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದರು. ಮೂಸಾರ ತಾಯಿ ಹಸುಗೂಸನ್ನು ಹೊಳೆಗೆ ಬಿಟ್ಟಳು. ನಮ್ಮ ಪ್ರವಾದಿ ಮುಹಮ್ಮದರು (ಸ) ತಂದೆಯ ಮುಖವನ್ನೇ ನೋಡಲಿಲ್ಲ, ಆರು ವರ್ಷಕ್ಕೆ ತಾಯಿ ಹೋದರು, ಎಂಟಕ್ಕೆ ಅಜ್ಜ ಹೋದರು.

ಇದನ್ನೆಲ್ಲ ಮಕ್ಕಳ ಮುಂದೆ ಹೇಗೆ ಹೇಳುವುದು? ಸಿಹಿಯಾದ ಭಾಗವನ್ನಷ್ಟೇ ಆರಿಸಿ ಹೇಳುವವರಿದ್ದಾರೆ. ನಾನು ಹಾಗೆ ಮಾಡಲಿಲ್ಲ. ನಮ್ಮ ಓಣಿಯ ಮಕ್ಕಳಿಗೆ ಸಿಹಿ ಮನೆ ಅಂದರೆ ಟಿವಿಯಲ್ಲಿ ಬರುವ ಮನೆ. ಅಪ್ಪ ಸೌದಿಯಲ್ಲಿ, ಅವ್ವ ಬೆಳಗ್ಗೆ ಆರಕ್ಕೇ ಕೆಲಸಕ್ಕೆ, ತಂಗಿ ಊರಲ್ಲಿ ಅಜ್ಜಿ ಹತ್ತಿರ. ಹಿಂಗೆ ಹಂಚಿಹೋದ ಮನೆಗಳು ಇವರವು. ಬಾವಿ, ಹೊಳೆ, ಮರುಭೂಮಿ ಇವರಿಗೆ ಬೇಗ ಅರ್ಥವಾಗುತ್ತವೆ.

ನನಗೆ ದಾರಿ ತೋರಿಸಿದ್ದು ಒಂದು ಮಾತು. ‘ಯಾ ಬುನಯ್ಯ.’ ಅರಬಿಯಲ್ಲಿ ಮಗನಿಗೆ ಇಬ್ನ್ ಅನ್ನುತ್ತಾರೆ. ಅದನ್ನೇ ಮುದ್ದು ಮಾಡಿ, ಚಿಕ್ಕದು ಮಾಡಿ ಕರೆದರೆ ಬುನಯ್ಯ. ಕುರ್‌ಆನಿನಲ್ಲಿ ಈ ಕರೆ 6 ಸಲ ಬರುತ್ತದೆ. ನೂಹ್ ಒಂದು ಸಲ, ಇಬ್ರಾಹೀಮ್ ಒಂದು ಸಲ, ಯಾಕೂಬ್ ಒಂದು ಸಲ. ಮೂರು ಸಲ ಜ್ಞಾನಿ ಲುಕ್ಮಾನರು ಮಗನಿಗೆ ಬುದ್ಧಿ ಹೇಳುವಾಗ. ಅನುವಾದದಲ್ಲಿ ‘ಓ ನನ್ನ ಪುತ್ರನೇ’ ಅಂತ ಇತ್ತು. ಓದಿ ನಗು ಬಂತು. ಯಾವ ಅಪ್ಪ ಮಗನನ್ನು ಪುತ್ರನೇ ಅಂತ ಕರೆಯುತ್ತಾನೆ? ಮಕ್ಕಳನ್ನೇ ಕೇಳಿದೆ: ನಿಮ್ಮನ್ನ ಮುದ್ದಿನಿಂದ ಮನೆಯಲ್ಲಿ ಏನಂತ ಕರೀತಾರೆ? ಕೈಗಳು ಮೇಲೆದ್ದವು. ‘ಅಪ್ಪಿ.’ ‘ತಮ್ಮಾ.’ ‘ನನ್ನ ಬಂಗಾರಾ.’ ‘ಬಾಬಾ.’ ಒಬ್ಬ ಹಿಂದಿನಿಂದ ‘ಹಂದಿ’ ಅಂದ. ಎಲ್ಲ ನಕ್ಕರು. ಅದೂ ಪ್ರೀತಿಯಲ್ಲೇ ಕರೆಯೋದು ಅಂತ ಅವನು ವಾದ ಮಾಡಿದ. ಹಂದಿಯನ್ನು ಬಿಟ್ಟು ‘ತಮ್ಮಾ’ ಅಂತ ಇಟ್ಟುಕೊಂಡೆವು. ನಮ್ಮ ಕಡೆ ಯಾರ ಮನೆಯ ಸಣ್ಣ ಹುಡುಗನಾದರೂ ತಮ್ಮನೇ ಅಲ್ವಾ.

ಹೀಗಾಗಿ ನಮ್ಮ ಚಾಪೆಯ ಮೇಲೆ ನೂಹ್ ನಬಿ ಬೆಟ್ಟದಂಥ ಅಲೆಗಳ ನಡುವಿನಿಂದ ಕೂಗುವುದು, ‘ತಮ್ಮಾ, ನಮ್ಮ ಜೋಡಿ ಹತ್ತು ಬಾ!’ ಅಂತ. ಮಗ ಹೇಳುತ್ತಾನೆ, ನಾನು ಗುಡ್ಡ ಹತ್ತುತ್ತೇನೆ, ಅದು ನನ್ನನ್ನು ಕಾಯುತ್ತದೆ. ನಡುವೆ ಒಂದು ಅಲೆ ಬರುತ್ತದೆ. ಅಷ್ಟೇ. ಸಮುದ್ರ ಪಕ್ಕದಲ್ಲೇ ಇರುವ ಮಕ್ಕಳು ಇವರು. ಮಳೆಗಾಲದ ಅಲೆ ಹೇಗಿರುತ್ತದೆ ಅಂತ ಹೇಳಿಕೊಡಬೇಕಿಲ್ಲ. ಮೊದಲ ಸಲ ಹೇಳಿದಾಗ ಒಬ್ಬಳು ಕೇಳಿದಳು: ‘ಅವ ಇಷ್ಟು ವರ್ಷ ಮಾತು ಕೇಳಿಲ್ಲ, ಆದ್ರೂ ತಮ್ಮಾ ಅಂತ ಕರದ್ರಾ?’ ಹೌದು ಅಂದೆ. ‘ಬೈಲಿಲ್ಲಾ?’ ಬೈಲಿಲ್ಲ. ಆ ಕಥೆಯಿಂದ ಸಾಮಾನ್ಯವಾಗಿ ಹೇಳುವ ನೀತಿ ಏನು ಗೊತ್ತಲ್ಲ: ಮಾತು ಕೇಳದ ಮಕ್ಕಳ ಗತಿ ಹೀಗೆ. ನಾನು ಚಿಕ್ಕವಳಿದ್ದಾಗ ಹಾಗೇ ಕೇಳಿದ್ದು. ಅಪ್ಪನ ಕರೆ ಯಾರೂ ಕೇಳಿಸಿರಲಿಲ್ಲ.

ಎಲ್ಲ ಚೆನ್ನಾಗೇ ಆಯಿತು ಅಂತಲ್ಲ. ಎರಡು ವರ್ಷದ ಹಿಂದೆ ಬಕ್ರೀದ್‌ಗೆ ವಾರ ಇರುವಾಗ ಇಬ್ರಾಹೀಮ್-ಇಸ್ಮಾಯೀಲರ ಕಥೆ ಹೇಳಿದೆ. ಮಗನನ್ನೇ ಬಲಿ ಕೊಡುವ ಕನಸು, ಚಾಕು, ಹಣೆ ನೆಲಕ್ಕೆ, ಎಲ್ಲ. ಸ್ವಲ್ಪ ಜಾಸ್ತಿಯೇ ಬಣ್ಣ ಹಚ್ಚಿದೆ ಅನ್ನಿ. ಮರುದಿನ ಬೆಳಗ್ಗೆ ಒಬ್ಬ ಹುಡುಗನ ತಾಯಿ ಬಾಗಿಲಲ್ಲಿ. ‘ಅಕ್ಕಾರ, ನಮ್ಮ ಹುಡುಗಗ ಏನ್ ಹೇಳಿದ್ರಿ? ರಾತ್ರೆಲ್ಲಾ ಅವರಪ್ಪನ ಬಾಜೂಕ ಮಲಗಲಿಲ್ಲ.’ ಆ ಹುಡುಗನ ಅಪ್ಪ ಮಟನ್ ಅಂಗಡಿಯಲ್ಲಿ ಕೆಲಸ ಮಾಡುವವರು. ಮನೆಯಲ್ಲಿ ಚಾಕು ಇರುತ್ತದೆ. ಮಗುವಿಗೆ ಆರು ವರ್ಷ. ನನಗೆ ಕುತ್ತಿಗೆ ತನಕ ನಾಚಿಕೆಯಾಯಿತು.

ಅಂದಿನಿಂದ ಆ ಕಥೆಯನ್ನು ಸಣ್ಣವರಿಗೆ ಹೇಳುವುದೇ ಇಲ್ಲ. ಎಂಟು-ಒಂಬತ್ತು ದಾಟಿದವರಿಗೆ ಹೇಳುವಾಗಲೂ ಕರೆಯಿಂದಲೇ ಶುರು. ಅಲ್ಲೂ ಇಬ್ರಾಹೀಮ್ ಕರೆಯುವುದು ಯಾ ಬುನಯ್ಯ ಅಂತಲೇ. ಕನಸು ಹೇಳಿ ಮಗನನ್ನು ಕೇಳುತ್ತಾರೆ, ನಿನಗೆ ಏನನ್ನಿಸುತ್ತೆ ನೋಡು ಅಂತ. ಮಗ ಉತ್ತರಿಸುವುದು ‘ಯಾ ಅಬತಿ’ ಅಂತ. ಅದೂ ಮುದ್ದಿನ ಕರೆ, ನಮ್ಮ ‘ಅಪ್ಪಾ’ ಇದ್ದ ಹಾಗೆ. ಚಾಕು ಇಳಿಯಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯ ಮಜಾ ಹೋದರೆ ಹೋಗಲಿ.

ಆ ಚಿಕ್ಕವರಿಗೆ ಇಸ್ಮಾಯೀಲರ ಬೇರೆ ಕಥೆ ಇದೆ. ಅವರು ಕೂಸಾಗಿದ್ದಾಗಿನದು. ಮಕ್ಕಾದ ಬರಡು ಕಣಿವೆಯಲ್ಲಿ ನೀರು ಮುಗಿದು ಮಗು ಚಡಪಡಿಸುತ್ತಿದೆ. ತಾಯಿ ಹಾಜಿರಾ ಸಫಾ ಗುಡ್ಡ ಹತ್ತಿ ನೋಡುತ್ತಾರೆ, ಯಾರೂ ಇಲ್ಲ. ಇಳಿದು ಓಡಿ ಮರ್ವಾ ಹತ್ತುತ್ತಾರೆ, ಅಲ್ಲೂ ಇಲ್ಲ. ಹೀಗೆ 7 ಸಲ. ಒಂದು ಸಲದ ದೂರ ಸುಮಾರು 450 ಮೀಟರ್. ಅಂದರೆ ಆ ಬಿಸಿಲಲ್ಲಿ ಮೂರು ಕಿಲೋಮೀಟರಿಗೂ ಜಾಸ್ತಿ. ನೀರಿನ ಟ್ಯಾಂಕರ್ ಬಂದಾಗ ಕೊಡ ಹಿಡಿದು ಓಡುವ ತಾಯಂದಿರನ್ನು ನೋಡಿದ ಮಕ್ಕಳಿಗೆ ಇದರ ಅರ್ಥ ಬೇರೆ ಹೇಳಬೇಕಾ? ಆಮೇಲೆ ಜಮ್‌ಜಮ್ ನೀರಿನ ಬುಗ್ಗೆ ಉಕ್ಕಿತು. ಇವತ್ತು ಹಜ್‌ಗೆ ಹೋದ ದೊಡ್ಡ ದೊಡ್ಡವರೆಲ್ಲ, ರಾಜನೂ ಸರಿ ಗೌಂಡಿಯೂ ಸರಿ, ಆ ಒಬ್ಬ ತಾಯಿ ನೀರಿಗಾಗಿ ಓಡಿದ ದಾರಿಯಲ್ಲೇ ಏಳು ಸಲ ನಡೆಯಬೇಕು. ಇದನ್ನು ಹೇಳುವಾಗ ಪ್ರತಿ ಸಲ ನನಗೇ ಗಂಟಲು ಕಟ್ಟುತ್ತದೆ.

ಹನ್ನೊಂದು ವರ್ಷದ ಒಬ್ಬ ಹುಡುಗಿ ಬರುತ್ತಾಳೆ. ಸೊಂಟದ ಮೇಲೆ ಯಾವಾಗಲೂ ತಮ್ಮ. ಅವ್ವ ಕೆಲಸಕ್ಕೆ ಹೋದರೆ ಮನೆಗೆ ಇವಳೇ ಅವ್ವ. ಕಥೆ ನಡುವೆ ಅವನಿಗೆ ಮೂಗು ಒರೆಸಬೇಕು, ಬಿಸ್ಕೀಟು ಕೊಡಬೇಕು, ಉಚ್ಚೆಗೆ ಕರೆದೊಯ್ಯಬೇಕು. ಮೂಸಾರ ಕಥೆ ಅವಳದೇ ಅಂತ ನಾವೆಲ್ಲ ಒಪ್ಪಿಕೊಂಡಿದ್ದೇವೆ. ತಾಯಿ ಎದೆ ಗಟ್ಟಿ ಮಾಡಿಕೊಂಡು ಮಗುವನ್ನು ಪೆಟ್ಟಿಗೆಯಲ್ಲಿಟ್ಟು ಹೊಳೆಗೆ ಬಿಟ್ಟರು. ಆಮೇಲೆ ಮಗಳಿಗೆ ಹೇಳಿದ್ದು ಒಂದೇ ಮಾತು: ಅವನ ಹಿಂದೆ ಹೋಗು. ಅಕ್ಕ ದೂರದಿಂದ, ಯಾರಿಗೂ ಗೊತ್ತಾಗದ ಹಾಗೆ ನೋಡುತ್ತಾ ಹೋದಳು. ಗಂಡು ಕೂಸುಗಳನ್ನು ಕೊಲ್ಲಿಸುತ್ತಿದ್ದ ರಾಜ ಫಿರ್‌ಔನನ ಅರಮನೆಯಲ್ಲೇ ಕೂಸು ಸಿಕ್ಕಿತು, ಅಲ್ಲಿ ಅದು ಯಾವ ದಾದಿಯ ಹಾಲನ್ನೂ ಕುಡಿಯಲಿಲ್ಲ. ಆಗ ಈ ಹುಡುಗಿ ಮುಂದೆ ಬಂದು, ಏನೂ ಗೊತ್ತಿಲ್ಲದವಳ ಹಾಗೆ, ‘ಇದನ್ನು ಸಾಕುವ ಒಂದು ಮನೆ ತೋರಿಸಲಾ?’ ಅಂದಳು. ಎಂಥ ಧೈರ್ಯ! ಎಂಥ ಜಾಣತನ! ಕೂಸು ತನ್ನ ತಾಯಿಯ ಮಡಿಲಿಗೇ ವಾಪಸ್ ಬಂತು.

ಕುರ್‌ಆನಿನಲ್ಲಿ ಆ ಅಕ್ಕನ ಹೆಸರಿಲ್ಲ. ಸುಮ್ನೆ ‘ಅವನ ಅಕ್ಕ’ ಅಷ್ಟೇ. ಹೆಸರಿಲ್ಲ ಅಂತ ಕೇಳಿ ನಮ್ಮ ಹುಡುಗಿ ಸೊಂಟದ ತಮ್ಮನನ್ನು ಇನ್ನೊಂದು ಕಡೆಗೆ ಬದಲಿಸಿಕೊಂಡು, ‘ಇರ್ಲಿ ಬಿಡ್ರಿ, ಕೆಲಸ ಇರ್ತಾವ’ ಅಂದಳು. ನಾನು ಇಷ್ಟು ಪುಸ್ತಕ ತಿರುವಿದರೂ ಇದಕ್ಕಿಂತ ಒಳ್ಳೆ ವ್ಯಾಖ್ಯಾನ ಸಿಕ್ಕಿಲ್ಲ.

ನಬಿಗಳ ಚಿತ್ರ ಬಿಡಿಸುವ ಹಾಗಿಲ್ಲ. ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕೊಟ್ಟರೆ ಹಡಗು, ಬಾವಿ, ತೋಳ, ಹೊಳೆಯಲ್ಲಿ ತೇಲುವ ಪೆಟ್ಟಿಗೆ ಬಿಡಿಸುತ್ತಾರೆ. ಯೂಸುಫರ ಕಥೆಗೆ ಅಂಗಿ. ಅಂಗಿ ಅಂದರೆ ನನ್ನ ಕಸುಬು, ಹಾಗಾಗಿ ಆ ಕಥೆಯಲ್ಲಿ ನನಗೆ ಸ್ವಲ್ಪ ಗತ್ತು. ಮೂರು ಅಂಗಿಗಳಿವೆ ಅಲ್ಲಿ. ಮೊದಲನೆಯದು ಅಣ್ಣಂದಿರು ತೋಳ ತಿಂದಿತು ಅಂತ ಸುಳ್ಳು ರಕ್ತ ಹಚ್ಚಿ ತಂದದ್ದು. ಎರಡನೆಯದು ಯಜಮಾನನ ಹೆಂಡತಿ ಎಳೆದಾಗ ಹಿಂದಿನಿಂದ ಹರಿದದ್ದು, ಯೂಸುಫ್ ತಪ್ಪಿತಸ್ಥರಲ್ಲ ಅಂತ ಸಾಕ್ಷಿ ಹೇಳಿದ್ದು. ಮೂರನೆಯದು ಮಿಸ್ರ, ಅಂದರೆ ಈಜಿಪ್ಟ್, ಸೇರಿ ದೊಡ್ಡವರಾದ ಯೂಸುಫ್ ಅಲ್ಲಿಂದ ಅಪ್ಪನಿಗೆ ಕಳಿಸಿದ್ದು. ಹಳೆಯ ವ್ಯಾಖ್ಯಾನಗಳಲ್ಲಿ ಒಂದು ಮಾತು ಬರುತ್ತದೆ: ಯಾಕೂಬರು ಮೊದಲನೇ ಅಂಗಿಯನ್ನು ತಿರುಗಿಸಿ ನೋಡಿ, ಎಂಥ ಒಳ್ಳೆಯ ತೋಳ ಇದು, ಮಗನನ್ನು ತಿಂದಿದೆ, ಅಂಗಿ ಹರಿದಿಲ್ಲ ಅಂದರಂತೆ. ಟೇಲರ್ ಕಣ್ಣು ಅಂದರೆ ಅದು! ಅಂದರೆ ಅವರಿಗೆ ಅವತ್ತೇ ಗೊತ್ತಾಗಿತ್ತು. ಗೊತ್ತಿದ್ದೂ ಆ ಮಕ್ಕಳ ಜೊತೆಗೇ ಅದೇ ಮನೆಯಲ್ಲಿ ಬದುಕಿದರು. ಅತ್ತು ಅತ್ತು ಕಣ್ಣು ಬೆಳ್ಳಗಾದವು. ವರ್ಷಗಳಾದ ಮೇಲೂ ಅದೇ ಮಕ್ಕಳನ್ನು ಕರೆದು ‘ಯಾ ಬನಿಯ್ಯ, ಹೋಗಿ ಯೂಸುಫನನ್ನೂ ಅವನ ತಮ್ಮನನ್ನೂ ಹುಡುಕಿ’ ಅಂದರು. ಬನಿಯ್ಯ ಅಂದರೆ ನನ್ನ ಮಕ್ಕಳಿರಾ. ಸುಳ್ಳು ಹೇಳಿದವರಿರಾ ಅನ್ನಲಿಲ್ಲ.

ಕೊನೆಗೆ ಅಣ್ಣಂದಿರು ತಲೆ ತಗ್ಗಿಸಿ ನಿಂತಾಗ ಯೂಸುಫ್ ಅಂದದ್ದು: ಇವತ್ತು ನಿಮ್ಮ ಮೇಲೆ ಯಾವ ದೂರೂ ಇಲ್ಲ. ಆಮೇಲೆ ಅಂಗಿ ಕೊಟ್ಟು ಕಳಿಸಿದರು. ಅಣ್ಣಂದಿರ ತಂಡ ಮಿಸ್ರ ಬಿಡುತ್ತಿದ್ದ ಹಾಗೇ ಅಲ್ಲಿ ದೂರದಲ್ಲಿ ಕುರುಡ ಅಪ್ಪನಿಗೆ ಮಗನ ವಾಸನೆ ಬಂತು.

ಇದನ್ನು ಹೇಳಿ ಮುಗಿಸಿದ ಒಂದು ಭಾನುವಾರ, ಆ ‘ಹಂದಿ’ ಹುಡುಗ ಕೇಳಿದ: ‘ಆಂಟಿ, ನೀವು ಯಾರನ್ನಾದ್ರೂ ಹಂಗ ಮಾಫ್ ಮಾಡೀರೇನ್ರಿ?’ ಚಹಾ ಒಲೆ ಮೇಲಿದೆ ಅಂತ ಹೇಳಿ ಒಳಗೆ ಹೋದೆ. ಒಲೆ ಮೇಲೆ ಏನೂ ಇರಲಿಲ್ಲ.

ನನಗೂ ಒಬ್ಬ ಅಣ್ಣ ಇದ್ದಾನೆ. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆ ವಿಷಯಕ್ಕೆ ಮಾತು ಬೆಳೆಯಿತು. ಕೇಳದೆ ಮಾರಿಬಿಟ್ಟ. ದುಡ್ಡಿನದಲ್ಲ ಸಿಟ್ಟು. ಅಪ್ಪ ಹತ್ತಿ ಹಿಂಜುತ್ತಿದ್ದ ಬಿಲ್ಲು ಅಟ್ಟದ ಮೇಲಿತ್ತು, ಅದನ್ನೂ ಮನೆಯ ಜೊತೆಗೇ ಬಿಟ್ಟುಕೊಟ್ಟ. ನಾಲ್ಕು ವರ್ಷ ಮಾತಿಲ್ಲ. ಯೂಸುಫರಿಗಿಂತ ನನ್ನ ಬಾವಿ ಬಹಳ ಸಣ್ಣದು, ಗೊತ್ತಿದೆ. ಗೊತ್ತಿದ್ದೂ ಹತ್ತಿ ಬರಲಿಲ್ಲ. ಪ್ರತಿ ಭಾನುವಾರ ಒಂಬತ್ತು ಮಕ್ಕಳಿಗೆ ಮಾಫಿಯ ಕಥೆ, ಸೋಮವಾರ ಅವನ ಫೋನ್ ಬಂದರೆ ಎತ್ತದೆ ಇರೋದು. ಆಮೇಲೆ ಫೋನ್ ಬರೋದೂ ನಿಂತಿತು.

ಪ್ರವಾದಿ ಮುಹಮ್ಮದರ (ಸ) ಮನೆಯ ಕಥೆಗಳಿಗೆ ಬಂದರೆ ಮಕ್ಕಳಿಗೆ ಖುಷಿಯೋ ಖುಷಿ. ಅವರ ಮೊಮ್ಮಕ್ಕಳು ಹಸನ್-ಹುಸೇನರ ಹೆಸರು ಇವರಿಗೆ ಮೊದಲೇ ಗೊತ್ತು. ಮೊಹರಂಗೆ ಊರಿಗೆ ಹೋದಾಗ ಅಲಾಯಿ ಕುಣಿ, ಪಂಜಾ, ಮೊಹರಂ ಹಾಡುಗಳಾದ ರಿವಾಯತ್ ಪದ ಎಲ್ಲ ನೋಡಿ ಕೇಳಿ ಬಂದವರು. ಶಿಶುನಾಳ ಶರೀಫಜ್ಜನ ಊರು ನಮ್ಮೂರಿಗೆ ದೂರವಲ್ಲ, ರಿವಾಯತ್ ಪದ ಅಂದರೆ ನಮ್ಮ ಕಡೆ ರಕ್ತದಲ್ಲೇ ಇದೆ. ಆದರೆ ಆ ಪದಗಳಲ್ಲಿ ಅವರು ವೀರರು, ಸಾಯುವವರು. ಅಜ್ಜನ ಬೆನ್ನೇರಿದ ಪುಟ್ಟ ಹುಡುಗರು ಅಂತ ಕೇಳಿದಾಗ ಇವರ ಕಣ್ಣು ಅರಳುತ್ತವೆ. ಅಜ್ಜ ನಮಾಜಿನಲ್ಲಿ ಸಜ್ದಾಗೆ, ಅಂದರೆ ಹಣೆ ನೆಲಕ್ಕೆ ಹಚ್ಚಲು, ಹೋಗಿದ್ದಾರೆ, ಮೊಮ್ಮಗ ಬೆನ್ನು ಹತ್ತಿ ಕೂತ. ಅಜ್ಜ ಏಳಲೇ ಇಲ್ಲ. ಹಿಂದಿದ್ದವರಿಗೆ ಗಾಬರಿ. ಆಮೇಲೆ ಕೇಳಿದರೆ, ಮಗು ಬೆನ್ನ ಮೇಲಿತ್ತು, ಅದರ ಆಟ ಮುಗಿಯುವ ಮೊದಲೇ ಇಳಿಸಲು ಮನಸ್ಸಾಗಲಿಲ್ಲ ಅಂದರು. ಮೊಮ್ಮಗಳು ಉಮಾಮಾಳನ್ನು ಎತ್ತಿಕೊಂಡೇ ನಮಾಜು ಮಾಡಿದ್ದೂ ಉಂಟು. ಸಜ್ದಾಗೆ ಹೋಗುವಾಗ ಕೆಳಗಿಡುವುದು, ಎದ್ದಾಗ ಎತ್ತಿಕೊಳ್ಳುವುದು. ನಮ್ಮ ಸೊಂಟದ ಹುಡುಗಿಗೆ ಇದು ತುಂಬ ಹಿಡಿಸಿತು.

ಇನ್ನೊಂದು ದಿನ ಅವರು ಹಸನರಿಗೆ ಮುತ್ತು ಕೊಡುವುದನ್ನು ಅಕ್ರಾ ಅನ್ನುವ ಸರದಾರ ನೋಡಿದ. ನನಗೆ ಹತ್ತು ಮಕ್ಕಳು, ಒಬ್ಬರಿಗೂ ಮುತ್ತು ಕೊಟ್ಟಿಲ್ಲ ಅಂದ, ಹೆಮ್ಮೆಯಿಂದ. ಪ್ರವಾದಿ ಅವನನ್ನು ನೋಡಿ, ಕರುಣೆ ತೋರದವನಿಗೆ ಕರುಣೆ ಸಿಗುವುದಿಲ್ಲ ಅಂದರು. ‘ನಮ್ಮಪ್ಪ ಪಕ್ಕಾ ಅಕ್ರಾ’ ಅಂತ ಒಬ್ಬ ಶುರು ಮಾಡಿದ. ನಮ್ಮಪ್ಪನೂ, ನಮ್ಮಪ್ಪನೂ ಅಂತ ಸಾಲು ಬೆಳೆಯಿತು. ನಮ್ಮ ಕಡೆ ಗಂಡಸರು ಮಕ್ಕಳನ್ನು ಮುದ್ದಾಡುವುದು ಅವು ನಿದ್ದೆ ಮಾಡಿದ ಮೇಲೆ. ಈಗ ಓಣಿಯಲ್ಲಿ ಸಿಡುಕು ಗಂಡಸರಿಗೆಲ್ಲ ಮಕ್ಕಳು ಗುಟ್ಟಾಗಿ ಇಟ್ಟ ಹೆಸರು ಅಕ್ರಾ. ಪಾಪ, ಅವರಿಗೆ ಗೊತ್ತಿಲ್ಲ.

ಮೊದಲ ದೇವವಾಣಿ ಕೇಳಿ ಹಿರಾ ಗುಹೆಯಿಂದ ನಡುಗುತ್ತಾ ಬಂದ ಪ್ರವಾದಿಗಳಿಗೆ ಹೆಂಡತಿ ಖದೀಜಾರು ಹೊದಿಕೆ ಹೊದಿಸಿದ್ದನ್ನು ನಾನು ‘ಕೌದಿ ಹೊದಿಸಿದ್ರು’ ಅಂತಲೇ ಹೇಳುತ್ತೇನೆ. ಗಾದಿ ಹೊಲಿಯುವವರ ಮಗಳು, ಅಷ್ಟು ಸಲಿಗೆ ತಗೊಂಡಿದ್ದೇನೆ. ಪ್ರವಾದಿಗಳು ತಮ್ಮ ಬಟ್ಟೆ ತಾವೇ ಹೊಲಿದುಕೊಳ್ಳುತ್ತಿದ್ದರು ಅಂತ ಅವರ ಇನ್ನೊಬ್ಬ ಪತ್ನಿ ಆಯಿಷಾರು ಹೇಳಿದ್ದನ್ನು ಕೇಳಿ ಮೂರು ಹುಡುಗರು ಸೂಜಿಗೆ ದಾರ ಪೋಣಿಸುವುದನ್ನು ಕಲಿತಿದ್ದಾರೆ. ಇಬ್ಬರ ಬೆರಳಲ್ಲಿ ರಕ್ತ ಬಂತು.

ಒಂದು ಪ್ರಶ್ನೆಗೆ ಮಾತ್ರ ನಾನು ಬಹಳ ಹುಷಾರು. ಇಬ್ರಾಹೀಮ್ ತಮ್ಮನ್ನು ಬೆದರಿಸಿದ ತಂದೆಯನ್ನೂ ನಾಲ್ಕು ಸಲ ‘ಯಾ ಅಬತಿ’ ಅಂತಲೇ ಕರೆದರು. ಅದನ್ನು ಹೇಳಿದ ದಿನ ಒಬ್ಬ ಹುಡುಗ ಮೆಲ್ಲಗೆ ಕೇಳಿದ: ‘ಅಪ್ಪ ಹೊಡದ್ರೂ?’ ಅವನ ಮನೆ ಸದ್ದು ಓಣಿಗೆಲ್ಲ ಕೇಳುತ್ತದೆ. ತಾಳ್ಮೆ ಇರಲಿ ಅಂತ ಹೇಳಿ ಕಳಿಸುವುದು ಸುಲಭ. ನನಗೆ ಬಾಯಿ ಬರಲಿಲ್ಲ. ಕಥೆ ಅಲ್ಲಿಗೇ ನಿಲ್ಲುವುದಿಲ್ಲ ಅಂದೆ. ಇಬ್ರಾಹೀಮ್ ಸಲಾಂ ಹೇಳಿದರು, ನಿನಗಾಗಿ ದುವಾ ಮಾಡುತ್ತೇನೆ ಅಂದರು, ಆಮೇಲೆ ಆ ಮನೆ ಬಿಟ್ಟು ದೂರ ಹೋದರು. ದೂರ ಹೋದದ್ದೂ ಕಥೆಯಲ್ಲಿದೆ. ನನ್ನ ಬಾಗಿಲು ಯಾವ ಹೊತ್ತಿಗೂ ತೆರೆದಿರುತ್ತೆ ಅಂತಲೂ ಸೇರಿಸಿದೆ. ಎರಡು ಸಲ ಬಂದು ಮಲಗಿದ್ದಾನೆ.

ಹೋದ ತಿಂಗಳು ಮಧ್ಯಾಹ್ನದ ಹೊತ್ತು. ಬಾಗಿಲಲ್ಲಿ ಒಬ್ಬ ಹುಡುಗ, ಬೆನ್ನಿಗೆ ಬ್ಯಾಗು, ಮೀಸೆ ಈಗಷ್ಟೇ ಬಂದಿದೆ. ‘ಅತ್ತೀ’ ಅಂದ. ಅಣ್ಣನ ಮಗ. ಕೆಲಸ ಹುಡುಕಿಕೊಂಡು ರೈಲು ಹತ್ತಿದ್ದ. ವಿಳಾಸ ಯಾರು ಕೊಟ್ಟರು ಅಂತ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅಂಗಿಯ ಎರಡು ಗುಂಡಿ ಇರಲಿಲ್ಲ. ಬಿಚ್ಚಿಕೊಡು ಅಂದೆ. ಅವನು ಬನಿಯನ್ನಲ್ಲಿ ಕೂತು ರೊಟ್ಟಿ, ಪುಂಡಿಪಲ್ಯ ತಿನ್ನುತ್ತಿದ್ದ. ನಾನು ಗುಂಡಿ ಹಚ್ಚುತ್ತಿದ್ದೆ. ಆಗ ಅವನ ಫೋನ್ ಬಂತು. ಕೈ ಎಂಜಲು, ಸ್ಪೀಕರ್ ಒತ್ತಿ ಕೆಳಗಿಟ್ಟ.

‘ಮುಟ್ಟಿದೇನ ತಮ್ಮಾ?’

ನಾಲ್ಕು ವರ್ಷದ ಮೇಲೆ ಕೇಳಿದ ದನಿ. ಹುಡುಗ ಬಾಯಲ್ಲಿ ತುತ್ತು ಇಟ್ಟುಕೊಂಡು ಹೂಂ ಅಂದ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

‘ಊಟ?’

ಹುಡುಗ ನನ್ನ ಮುಖ ನೋಡಿದ. ನಾನು ಹಲ್ಲಿನಲ್ಲಿ ದಾರ ಕಡಿದೆ.

‘ಉಣ್ಣಾಕತ್ತಾನ’ ಅಂದೆ.